ಕುದುರೆ ಕೊಟ್ಟ ಕೈಗಡ

“ಅಂಕಲ್, ಆ ಕುದುರೆಗೂ ನಾಯಿ ಕಚ್ಚಿತ್ತಾ?”

ಪ್ರಶ್ನೆ ಕೇಳಿದವನು ನಮ್ಮ ಬೀದಿಯ ಆರನೇ ತರಗತಿಯ ಹುಡುಗ. ಕೇಳಿದ್ದು ಆಸ್ಪತ್ರೆಯೊಂದರ ಬೆಂಚಿನ ಮೇಲೆ ಕೂತು. ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ ಸಂಜೆ ಟ್ಯೂಷನ್ ಮುಗಿಸಿ ಸೈಕಲ್ಲಿನಲ್ಲಿ ಬರುತ್ತಿದ್ದವನ ಮೀನಖಂಡಕ್ಕೆ ಬೀದಿನಾಯಿಯೊಂದು ಬಾಯಿ ಹಾಕಿತ್ತು. ಅಪ್ಪ ಅಮ್ಮ ಇಬ್ಬರೂ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಮನೆಯಲ್ಲಿದ್ದ ತಾತ ಗಾಬರಿಯಿಂದ ನನ್ನನ್ನು ಕೂಗಿದರು. ಗಾಯವನ್ನು ನಲ್ಲಿಯ ಕೆಳಗೆ ಹಿಡಿದು ಕಾಲು ಗಂಟೆ ಸೋಪು ಹಾಕಿ ತೊಳೆದು, ಆಟೋ ಹಿಡಿದು ಮೂವರೂ ಆಸ್ಪತ್ರೆಗೆ ಓಡಿದೆವು.

ಡಾಕ್ಟರಮ್ಮ ಗಾಯ ನೋಡಿ ಹೇಳಿದರು: “ಚರ್ಮ ಹರಿದು ರಕ್ತ ಬಂದಿದೆ. ಲಸಿಕೆ ಒಂದೇ ಸಾಲದು, ಗಾಯದ ಸುತ್ತ ಸೀರಂ ಕೂಡ ಕೊಡಬೇಕು. ಕುದುರೆಯಿಂದ ತೆಗೆದದ್ದು.”

ತಾತನ ಮುಖ ಸಪ್ಪಗಾಯಿತು. “ಕುದುರೆ ರಕ್ತಾನಾ ಡಾಕ್ಟ್ರೇ? ಮಗೂಗೆ? ಹೇಗೂ ಲಸಿಕೆ ಹಾಕ್ತೀರಲ್ಲ...”

ಹಿಂದೆ ಸಾಲಿನಲ್ಲಿ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. ಡಾಕ್ಟರಮ್ಮ ಸಿಡುಕಲಿಲ್ಲ. “ಯಜಮಾನರೇ, ಲಸಿಕೆ ಕೆಲಸ ಶುರುಮಾಡೋಕೆ ಒಂದು ವಾರ, ಹತ್ತು ದಿನ ಬೇಕು. ಅಲ್ಲೀವರೆಗೆ ಈ ಹುಡುಗನ್ನ ಕುದುರೆ ಕಾಯುತ್ತೆ” ಎಂದರು. ತಾತ ಸಹಿ ಹಾಕಿದರು. ಹುಡುಗ ಮಾತ್ರ ಕುದುರೆಯನ್ನು ಬಿಡಲಿಲ್ಲ. ಆಟೋದಲ್ಲಿ ಹಿಂದಿರುಗುವಾಗ ಅರ್ಧ ಉತ್ತರ ಕೊಟ್ಟಿದ್ದೆ. ಉಳಿದರ್ಧ ಈ ವಾರದ ಅಂಕಣಕ್ಕೆ. ಅವನಿಗಷ್ಟೇ ಅಲ್ಲ, ತಾತನಂತೆ ಮುಖ ಸಪ್ಪಗೆ ಮಾಡಿಕೊಳ್ಳುವ ಅಪ್ಪ ಅಮ್ಮಂದಿರಿಗೂ ಇದು ತಿಳಿದಿರಬೇಕು.

ಸಂಪಾದನೆ ಮತ್ತು ಕೈಗಡ

ಇಲ್ಲ, ಆ ಕುದುರೆಗೆ ಯಾವ ನಾಯಿಯೂ ಕಚ್ಚಿರುವುದಿಲ್ಲ. ಸತ್ತ ರೇಬಿಸ್ ವೈರಾಣುವಿನ ಲಸಿಕೆಯನ್ನು ಅದಕ್ಕೆ ಮತ್ತೆ ಮತ್ತೆ ಚುಚ್ಚಿರುತ್ತಾರೆ. ಪ್ರತಿ ಸಲವೂ ಕುದುರೆಯ ಮೈ ಅದನ್ನು ಶತ್ರುವೆಂದು ಗುರುತಿಸಿ, ಅದಕ್ಕೆ ಅಂಟಿಕೊಂಡು ಅದನ್ನು ಕಟ್ಟಿಹಾಕುವ ಪ್ರೋಟೀನುಗಳನ್ನು ತಯಾರಿಸುತ್ತದೆ. ಇವೇ ನಿಮ್ಮ ಜೀವಶಾಸ್ತ್ರದ ಪುಸ್ತಕದಲ್ಲಿ ಬರುವ ಪ್ರತಿಕಾಯಗಳು. ಮೂರು ನಾಲ್ಕು ತಿಂಗಳಲ್ಲಿ ಕುದುರೆಯ ರಕ್ತದಲ್ಲಿ ಅವು ದಟ್ಟವಾಗಿ ತುಂಬಿಕೊಳ್ಳುತ್ತವೆ. ಆಗ ಸ್ವಲ್ಪ ರಕ್ತ ತೆಗೆದು, ಕೆಂಪು ಕಣಗಳನ್ನು ಬೇರ್ಪಡಿಸಿ, ಉಳಿದ ಹಳದಿ ದ್ರವದಿಂದ ಪ್ರತಿಕಾಯಗಳನ್ನು ಸೋಸಿ ಶುದ್ಧಮಾಡುತ್ತಾರೆ. ತಾತ ಹೆದರಿದಂತೆ ಅದು ರಕ್ತವಲ್ಲ, ರಕ್ತದಿಂದ ಹೆಕ್ಕಿ ತೆಗೆದ ಒಂದು ಪ್ರೋಟೀನು.

ಲಸಿಕೆಗೂ ಸೀರಮ್ಮಿಗೂ ಇರುವ ವ್ಯತ್ಯಾಸವನ್ನು ಮನೆಯ ಲೆಕ್ಕದಲ್ಲಿ ಹೇಳುವುದು ಸುಲಭ. ಲಸಿಕೆ ಎಂದರೆ ಸ್ವಂತ ಸಂಪಾದನೆ. ಮೈಗೆ ಕೆಲಸ ಕಲಿಸಿಕೊಡುತ್ತದೆ. ಕಲಿಯಲು ಸಮಯ ಬೇಕು, ಆದರೆ ಒಮ್ಮೆ ಕಲಿತದ್ದು ಬಹುಕಾಲ ಉಳಿಯುತ್ತದೆ. ಸೀರಂ ಎಂದರೆ ಕೈಗಡ. ಕೈಗೆ ಸಿಕ್ಕ ಗಳಿಗೆಯಿಂದಲೇ ಖರ್ಚಿಗೆ ಒದಗುತ್ತದೆ, ಕೆಲವು ವಾರಗಳಲ್ಲಿ ಕರಗಿಯೂ ಹೋಗುತ್ತದೆ. ತಿಂಗಳ ಕೊನೆಯಲ್ಲಿ ಮನೆಯಲ್ಲಿ ಯಾರಿಗೋ ಹುಷಾರು ತಪ್ಪಿದರೆ ಮುಂದಿನ ಸಂಬಳಕ್ಕೆ ಕಾಯುತ್ತಾ ಕೂರುತ್ತೇವೆಯೇ? ಪಕ್ಕದ ಮನೆಯವರಲ್ಲಿ ಕೈಗಡ ತರುತ್ತೇವೆ. ರೇಬಿಸ್ ವಿಷಯದಲ್ಲೂ ಹಾಗೆಯೇ. ಒಮ್ಮೆ ರೋಗದ ಲಕ್ಷಣ ಕಾಣಿಸಿಕೊಂಡರೆ ಬದುಕುವವರು ಇಲ್ಲವೆಂದೇ ಹೇಳಬೇಕು. ಆದ್ದರಿಂದ ಸಂಪಾದನೆ ಶುರುವಾಗುವವರೆಗಿನ ಆ ಒಂದು ವಾರ, ಹತ್ತು ದಿನಗಳಿಗೆ ಕೈಗಡ ಬೇಕೇ ಬೇಕು.

ಎಷ್ಟು ಕೈಗಡ? ಲೆಕ್ಕ ಇಷ್ಟಪಡುವ ವಿದ್ಯಾರ್ಥಿಗಳಿಗೆ ಇಲ್ಲಿದೆ. ಕುದುರೆಯ ಸೀರಮ್ಮಿನ ಮಿತಿ ದೇಹತೂಕದ ಪ್ರತಿ ಕಿಲೋಗೆ 40 ಯೂನಿಟ್. ನಮ್ಮ ಹುಡುಗನ ತೂಕ 30 ಕಿಲೋ. ಅಂದರೆ 1,200 ಯೂನಿಟ್. ಸೀರಮ್ಮಿನ ಒಂದು ಮಿಲಿಲೀಟರಿನಲ್ಲಿ 300 ಯೂನಿಟ್ ಇದ್ದರೆ ಒಟ್ಟು 4 ಮಿಲಿಲೀಟರ್. ಇದರಲ್ಲಿ ಗಾಯದ ಒಳಗೆ, ಸುತ್ತ ಎಷ್ಟು ಹಿಡಿಸುತ್ತದೋ ಅಷ್ಟನ್ನು ಅಲ್ಲೇ ಕೊಡುತ್ತಾರೆ. ವೈರಾಣು ನರದ ದಾರಿ ಹಿಡಿದು ಮಿದುಳಿನತ್ತ ಹೊರಡುವ ಮೊದಲೇ ಬಾಗಿಲಲ್ಲೇ ಅದನ್ನು ಹಿಡಿದು ನಿಲ್ಲಿಸುವುದು ಉದ್ದೇಶ.

ಇಲಿ ಬಿಟ್ಟು ಕುದುರೆ ಹಿಡಿದದ್ದು

ರೋಗನಿರೋಧಕ ಶಕ್ತಿಯ ಸಂಶೋಧನೆ ಎಂದರೆ ನಮ್ಮ ಕಣ್ಣಮುಂದೆ ಬರುವುದು ಬಿಳಿ ಇಲಿ, ಮೊಲ, ಗಿನಿಯಿಲಿ. ಕುದುರೆ, ಎಮ್ಮೆ, ಒಂಟೆ ಈ ಕಥೆಯೊಳಗೆ ಹೇಗೆ ಬಂದವು?

1890ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಶಿಬಾಸಬುರೊ ಒಂದು ಸಂಗತಿಯನ್ನು ಪ್ರಕಟಿಸಿದರು. ಧನುರ್ವಾಯು, ಗಂಟಲುಮಾರಿ ರೋಗಗಳ ವಿಷವನ್ನು ತಾಳಿಕೊಳ್ಳುವಂತೆ ಮಾಡಿದ ಪ್ರಾಣಿಯ ಸೀರಮ್ಮನ್ನು ಇನ್ನೊಂದು ಪ್ರಾಣಿಗೆ ಕೊಟ್ಟರೆ ಅದೂ ಆ ವಿಷವನ್ನು ತಾಳಿಕೊಳ್ಳುತ್ತದೆ ಎಂಬುದು ಆ ಸಂಗತಿ. ರಕ್ಷಣೆಯನ್ನು ಒಂದು ಮೈಯಿಂದ ಇನ್ನೊಂದು ಮೈಗೆ ಸಾಗಿಸಬಹುದು ಎಂದು ಮೊದಲು ತಿಳಿದದ್ದು ಆಗ. ಈ ಕೆಲಸಕ್ಕೆ 1901ರಲ್ಲಿ ಬೇರಿಂಗ್‌ಗೆ ವೈದ್ಯಕೀಯದ ಮೊತ್ತಮೊದಲ ನೊಬೆಲ್ ಬಹುಮಾನ ಬಂತು.

ಆದರೆ ಗಿನಿಯಿಲಿಯಿಂದ ಎಷ್ಟು ಸೀರಂ ಸಿಕ್ಕೀತು? ಕೆಲವು ಮಿಲಿಲೀಟರ್. ಯುರೋಪಿನ ಊರೂರಿನಲ್ಲಿ ಗಂಟಲುಮಾರಿಯಿಂದ ಮಕ್ಕಳು ಉಸಿರುಕಟ್ಟಿ ಸಾಯುತ್ತಿದ್ದರು. ಪ್ಯಾರಿಸಿನ ಪಾಸ್ತರ್ ಸಂಸ್ಥೆಯ ಎಮಿಲ್ ರೂ ಕುದುರೆಯನ್ನು ಆರಿಸಿಕೊಂಡರು. ಯೋಚಿಸಿ ನೋಡಿ: 500 ಕಿಲೋ ತೂಗುವ ಕುದುರೆಯ ಮೈಯಲ್ಲಿ 35ರಿಂದ 40 ಲೀಟರ್ ರಕ್ತವಿರುತ್ತದೆ. ಅದರಲ್ಲಿ ಐದಾರು ಲೀಟರ್ ತೆಗೆದರೂ ಒಳ್ಳೆಯ ಮೇವು, ವಿಶ್ರಾಂತಿ ಸಿಕ್ಕಿದರೆ ಅದು ಚೇತರಿಸಿಕೊಳ್ಳುತ್ತದೆ. ಕುದುರೆ ಸಾಧು, ಮನುಷ್ಯನ ಕೈಗೆ ಒಗ್ಗಿದ್ದು, ಅದರ ಕತ್ತಿನ ರಕ್ತನಾಳ ದಪ್ಪ, ಸುಲಭವಾಗಿ ಸಿಗುತ್ತದೆ. 1894ರಲ್ಲಿ ರೂ ಅವರ ಕುದುರೆ ಸೀರಂ ಬಂದಮೇಲೆ ಪ್ಯಾರಿಸಿನ ಮಕ್ಕಳ ಆಸ್ಪತ್ರೆಯಲ್ಲಿ ಗಂಟಲುಮಾರಿಯ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅಲ್ಲಿಂದ ಮುಂದೆ ಲೋಕದ ಎಲ್ಲ ಕಡೆಯೂ ಸೀರಂ ತಯಾರಿಸುವ ಸಂಸ್ಥೆಯ ಹಿತ್ತಿಲಲ್ಲಿ ಒಂದು ಲಾಯ ಇದ್ದೇ ಇರುತ್ತಿತ್ತು.

ನಮ್ಮ ದೇಶದ ಒಂದು ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಪುಣೆಯ ಪೂನಾವಾಲಾ ಕುಟುಂಬದವರು ರೇಸ್ ಕುದುರೆ ಸಾಕುತ್ತಿದ್ದರು. ಓಟಕ್ಕೆ ಒದಗದ ಕುದುರೆಗಳನ್ನು ಸೀರಂ ತಯಾರಿಕೆಗೆಂದು ಮುಂಬೈಯ ಹಾಫ್ಕಿನ್ ಸಂಸ್ಥೆಗೆ ಕೊಡುತ್ತಿದ್ದರು. ಕುದುರೆ ಕೊಡುವ ಬದಲು ಸೀರಮ್ಮನ್ನೇ ನಾವು ಮಾಡಬಾರದೇಕೆ ಎಂದು ಹೊರಟ ಸೈರಸ್ ಪೂನಾವಾಲಾ 1966ರಲ್ಲಿ ಕಟ್ಟಿದ್ದೇ ಸೀರಂ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ. 2021ರಲ್ಲಿ ನಮ್ಮಲ್ಲಿ ಬಹುಪಾಲು ಜನ ತೋಳೊಡ್ಡಿ ಹಾಕಿಸಿಕೊಂಡ ಕೋವಿಶೀಲ್ಡ್ ಲಸಿಕೆ ಬಂದದ್ದು ಅಲ್ಲಿಂದಲೇ. ಆ ಲಸಿಕೆಯಲ್ಲಿ ಕುದುರೆಯಿಲ್ಲ. ಸಂಸ್ಥೆಯ ಹೆಸರಿನಲ್ಲಿ ಮಾತ್ರ ಕುದುರೆಯ ನೆನಪು ಉಳಿದಿದೆ.

ನಮ್ಮೂರಿನ ದೊಡ್ಡ ಪ್ರಾಣಿಗಳು

ಬೆಂಗಳೂರಿನವರಿಗೆ ದೊಡ್ಡ ಪ್ರಾಣಿ ಎಂದರೆ ಮೊದಲು ನೆನಪಾಗುವುದು ದೊಡ್ಡ ಬಸವಣ್ಣ. ಲಸಿಕೆಯ ಚರಿತ್ರೆಯಲ್ಲೂ ಮೊದಲು ಬರುವುದು ದನವೇ. ಲಸಿಕೆಗೆ ಇಂಗ್ಲಿಷಿನಲ್ಲಿ ಹೇಳುವ ‘ವ್ಯಾಕ್ಸಿನ್’ ಎಂಬ ಮಾತು ಹುಟ್ಟಿದ್ದು ಹಸು ಎಂಬ ಅರ್ಥದ ಲ್ಯಾಟಿನ್ ಪದ ‘ವಾಕ’ದಿಂದ. ಹಸುವಿನ ಸಿಡುಬು ತಗುಲಿದವರಿಗೆ ಮನುಷ್ಯರ ಸಿಡುಬು ಬರುವುದಿಲ್ಲ ಎಂದು 1796ರಲ್ಲಿ ಎಡ್ವರ್ಡ್ ಜೆನ್ನರ್ ಪರೀಕ್ಷಿಸಿ ತೋರಿಸಿದ. ಈ ಲಸಿಕೆ 1802ರಲ್ಲಿ ಮುಂಬೈ ತಲುಪಿತು. ಕೆಲವೇ ವರ್ಷಗಳಲ್ಲಿ ಮೈಸೂರು ಅರಮನೆಗೂ ಬಂತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ, ಅರಮನೆಯ ಮೂವರು ಹೆಂಗಸರ ಚಿತ್ರವೊಂದಿದೆ. ಅವರಲ್ಲಿ ಒಬ್ಬಳು ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ದೇವಿ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸಿ ಧೈರ್ಯ ತುಂಬುವುದು ಆ ಚಿತ್ರದ ಉದ್ದೇಶವಾಗಿತ್ತು ಎಂದು ಇತಿಹಾಸಕಾರರು ಹೇಳುತ್ತಾರೆ. ಇನ್ನೂರು ವರ್ಷದ ಹಿಂದೆಯೂ ತಾತನಂಥವರು ಇದ್ದರು, ಅವರನ್ನು ಒಪ್ಪಿಸುವ ಕೆಲಸವೂ ಇತ್ತು!

ಮೊದಮೊದಲು ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ ಲಸಿಕೆ ದಾಟಿಸುತ್ತಿದ್ದರು. ಅದರ ಜೊತೆ ಬೇರೆ ರೋಗಗಳೂ ದಾಟುತ್ತಿದ್ದವು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಕರುಗಳ ಮೈಮೇಲೆ ಲಸಿಕೆ ಬೆಳೆಸುವುದು ರೂಢಿಗೆ ಬಂತು. ಕರುವಿನ ಹೊಟ್ಟೆಯ ಕೂದಲು ಬೋಳಿಸಿ, ಗೀರಿ, ಲಸಿಕೆ ಸವರಿ, ಕೆಲವು ದಿನ ಬಿಟ್ಟು ಅಲ್ಲಿ ಎದ್ದ ಗುಳ್ಳೆಗಳಿಂದ ದ್ರವ ಸಂಗ್ರಹಿಸುತ್ತಿದ್ದರು. ಬೆಳಗಾವಿಯ ಟಿಳಕವಾಡಿಯಲ್ಲಿ ಇಂದಿಗೂ ‘ವ್ಯಾಕ್ಸಿನ್ ಡಿಪೊ’ ಎಂಬ ಮೈದಾನವಿದೆ. ಸಿಡುಬಿನ ಲಸಿಕೆ ಹೀಗೆ ತಯಾರಾಗುತ್ತಿದ್ದ ಜಾಗದ ಹೆಸರು ಅದು. ಆಟಕ್ಕೆ ಹೋಗುವ ಮಕ್ಕಳಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಕಥೆ ಗೊತ್ತೋ!

ಇಲ್ಲೊಂದು ತಮಾಷೆಯೂ ಇದೆ. 1902ರ ಒಂದು ಹಳೆಯ ಸಿಡುಬು ಲಸಿಕೆಯನ್ನು ವಿಜ್ಞಾನಿಗಳು ಪರೀಕ್ಷಿಸಿ 2017ರಲ್ಲಿ ವರದಿ ಮಾಡಿದರು. ಅದರಲ್ಲಿದ್ದ ವೈರಾಣು ಹಸುವಿನ ಸಿಡುಬಿಗಿಂತ ಕುದುರೆಯ ಸಿಡುಬಿಗೆ ಬಹಳ ಹತ್ತಿರದ್ದಾಗಿತ್ತು. ಈ ರೋಗದ ಮೂಲ ಕುದುರೆಯಲ್ಲಿದೆ ಎಂದು ಜೆನ್ನರನೂ ನಂಬಿದ್ದ. ಹೆಸರು ಹಸುವಿಗೆ ಬಂತು, ಕೆಲಸದಲ್ಲಿ ಕುದುರೆಗೂ ಪಾಲಿತ್ತು ಎಂದಾಯಿತು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಿದ್ದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲವಾದ ಬೀದಿ, ಗಾಳಿ ಬೆಳಕಿನ ಮನೆಗಳೊಂದಿಗೆ ಬೆಳೆದದ್ದು ಆ ಭಯದ ಹಿನ್ನೆಲೆಯಲ್ಲಿ. ಇದು ನಮಗೆಲ್ಲ ಗೊತ್ತಿರುವ ಕಥೆ. ಆ ಪ್ಲೇಗಿಗೂ ಕುದುರೆಯ ಕೈಗಡ ತರಲು ಪ್ರಯತ್ನ ನಡೆದಿತ್ತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಪ್ಲೇಗಿನ ಬ್ಯಾಕ್ಟೀರಿಯಾವನ್ನು 1894ರಲ್ಲಿ ಕಂಡುಹಿಡಿದ ಅಲೆಕ್ಸಾಂದ್ರ್ ಯೆರ್ಸಿನ್ 1897ರಲ್ಲಿ ತನ್ನ ಕುದುರೆ ಸೀರಂ ಹಿಡಿದು ಮುಂಬೈಗೆ ಬಂದ. ಅಂದುಕೊಂಡ ಫಲ ಸಿಗಲಿಲ್ಲ. ಅದೇ ವರ್ಷ ವಾಲ್ಡೆಮಾರ್ ಹಾಫ್ಕಿನ್ ಮುಂಬೈಯಲ್ಲೇ ತಯಾರಿಸಿದ ಪ್ಲೇಗ್ ಲಸಿಕೆ ಲಕ್ಷಾಂತರ ಜನರಿಗೆ ತಲುಪಿತು. ಕೈಗಡ ಎಲ್ಲ ಕಾಲಕ್ಕೂ, ಎಲ್ಲ ರೋಗಕ್ಕೂ ಒದಗುವುದಿಲ್ಲ.

ದನಗಳಿಗೇ ಒದಗಿದ ಕೈಗಡವೂ ಒಂದಿತ್ತು. ಹಳ್ಳಿಯ ಹಿರಿಯರಿಗೆ ‘ದೊಡ್ಡರೋಗ’ ಎಂದರೆ ಈಗಲೂ ಮೈ ನಡುಗುತ್ತದೆ. ಕೊಟ್ಟಿಗೆಗೆ ಬಂದರೆ ಕೊಟ್ಟಿಗೆಯನ್ನೇ ಬರಿದು ಮಾಡುತ್ತಿದ್ದ ಜಾನುವಾರುಗಳ ಮಾರಿ ಅದು. ಕುಮಾವೂನಿನ ಬೆಟ್ಟದ ಮೇಲೆ ಮುಕ್ತೇಶ್ವರದಲ್ಲಿದ್ದ ಪ್ರಯೋಗಾಲಯದಲ್ಲಿ ಎತ್ತು, ಎಮ್ಮೆಗಳ ರಕ್ತದಿಂದ ಈ ರೋಗಕ್ಕೆ ಸೀರಂ ತೆಗೆಯುತ್ತಿದ್ದರು. ಖ್ಯಾತ ವಿಜ್ಞಾನಿ ರಾಬರ್ಟ್ ಕಾಖ್ 1897ರಲ್ಲಿ ಅಲ್ಲಿಗೆ ಭೇಟಿ ಕೊಟ್ಟಿದ್ದರು. ಮೈಸೂರು ಸಂಸ್ಥಾನವೂ 1920ರ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ತನ್ನದೇ ಸೀರಂ ಸಂಸ್ಥೆ ತೆರೆಯಿತು. ಇಂದು ಪಶು ಆರೋಗ್ಯ ಮತ್ತು ಜೈವಿಕ ಔಷಧಗಳ ಸಂಸ್ಥೆಯಾಗಿ ಬೆಳೆದಿರುವುದು ಅದೇ. ಸೀರಮ್ಮಿನ ಹಿಂದೆಯೇ ಒಳ್ಳೆಯ ಲಸಿಕೆಗಳು ಬಂದವು. 2011ರಲ್ಲಿ ದೊಡ್ಡರೋಗ ಭೂಮಿಯಿಂದಲೇ ಅಳಿದುಹೋಯಿತೆಂದು ಘೋಷಿಸಿದರು. ಸಿಡುಬಿನ ನಂತರ ಮನುಷ್ಯ ಪೂರ್ತಿಯಾಗಿ ಗೆದ್ದ ರೋಗ ಅದೊಂದೇ.

ಹಾವಿಗೆ ತಕ್ಕ ಕೈಗಡ

ಕುದುರೆಯ ಕೈಗಡ ಇಂದಿಗೂ ಅತಿ ಹೆಚ್ಚು ಬೇಕಾಗಿರುವುದು ಹಾವಿನ ಕಡಿತಕ್ಕೆ. ಭಾರತದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರೆಂದು ಒಂದು ಅಂದಾಜು ಹೇಳುತ್ತದೆ. ವರ್ಷಕ್ಕೆ ಸರಾಸರಿ 58,000. ಅವರಲ್ಲಿ ಬಹುಪಾಲು ಹಳ್ಳಿಯವರು, ಹೊಲದಲ್ಲಿ ದುಡಿಯುವವರು. ಬಸವನಗುಡಿಯಲ್ಲಿ ಕೂತ ನಮಗೆ ಇದು ದೂರದ ಮಾತೆನಿಸಬಹುದು. ಆದರೆ ಬೇಸಿಗೆ ರಜಕ್ಕೆ ಅಜ್ಜನ ಊರಿಗೆ ಹೋಗುವ ಮಕ್ಕಳು ನಮ್ಮವರೇ ತಾನೆ?

ಹಾವಿನ ವಿಷಕ್ಕೆ ಸೀರಂ ತಯಾರಾದದ್ದು 1894ರ ಸುಮಾರಿಗೆ. ಫ್ರಾನ್ಸಿನ ಆಲ್ಬೇರ್ ಕಾಲ್ಮೆತ್ ನಾಗರ ಜಾತಿಯ ಹಾವುಗಳ ವಿಷ ಬಳಸಿ ಸೀರಂ ಮಾಡಿ, ಇದು ಎಲ್ಲ ಹಾವಿಗೂ ಆಗುತ್ತದೆ ಎಂದು ನಂಬಿದ್ದ. ಅದು ನಿಜವಲ್ಲ ಎಂದು ತೋರಿಸಿದವರಲ್ಲಿ ಭಾರತದಲ್ಲಿ ಕೆಲಸಮಾಡುತ್ತಿದ್ದ ಜಾರ್ಜ್ ಲ್ಯಾಂಬ್ ಒಬ್ಬ. ನಾಗರದ ಸೀರಂ ಕೊಳಕುಮಂಡಲಕ್ಕೆ ನಡೆಯುವುದಿಲ್ಲ. ನಿಮ್ಮ ಮನೆ ಬೀಗಕ್ಕೆ ಪಕ್ಕದ ಮನೆ ಬೀಗದಕೈ ಹಾಕಿದಂತೆ. ಅದಕ್ಕೇ ಇಂದು ನಮ್ಮ ದೇಶದಲ್ಲಿ ಕುದುರೆಗಳಿಗೆ ನಾಲ್ಕು ಹಾವುಗಳ ವಿಷವನ್ನು ಕೊಡುತ್ತಾರೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಮೊದಲು ಅತಿ ಕಡಿಮೆ ಪ್ರಮಾಣ. ಆಮೇಲೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಹೆಚ್ಚು. ಬೇಕಾದ ವಿಷದ ಬಹುಪಾಲು ಬರುವುದು ಚೆನ್ನೈ ಬಳಿಯ ಇರುಳ ಬುಡಕಟ್ಟಿನವರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘದಿಂದ. ಹಾವು ಹಿಡಿಯುವ ವಿದ್ಯೆ ಅವರಿಗೆ ವಂಶಪಾರಂಪರ್ಯವಾಗಿ ಬಂದದ್ದು. ಹಿಡಿದ ಹಾವಿನ ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ.

ವಿಷವೇರಿದ ಒಬ್ಬ ರೋಗಿಗೆ ಮೊದಲ ಸುತ್ತಿಗೇ ಎಂಟರಿಂದ ಹತ್ತು ಸೀಸೆ ಸೀರಂ ಬೇಕಾಗುತ್ತದೆ. ಈಗ ತಿಳಿಯಿತೇ, ಗಿನಿಯಿಲಿಯಿಂದ ಈ ಕೆಲಸ ಏಕೆ ಆಗುವುದಿಲ್ಲ ಎಂದು?

ಕೈಗಡಕ್ಕೂ ಬಡ್ಡಿ ಉಂಟು

ಪುಕ್ಕಟೆ ಕೈಗಡ ಲೋಕದಲ್ಲಿ ಅಪರೂಪ. ಕುದುರೆಯ ಪ್ರೋಟೀನು ನಮ್ಮ ಮೈಗೆ ಪರಕೀಯ. ಕೆಲವರ ಮೈ ಅದರ ಮೇಲೂ ಜಗಳ ತೆಗೆಯುತ್ತದೆ. ವಿಯೆನ್ನಾದ ಮಕ್ಕಳ ವೈದ್ಯರಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಮತ್ತು ಬೇಲಾ ಶಿಕ್ ಸೀರಂ ಕೊಟ್ಟ ಮಕ್ಕಳಲ್ಲಿ ವಾರ ಹತ್ತು ದಿನದ ನಂತರ ಜ್ವರ, ದದ್ದು, ಕೀಲುನೋವು ಬರುವುದನ್ನು ಗಮನಿಸಿ 1905ರಲ್ಲಿ ಪುಸ್ತಕ ಬರೆದರು. ಮರುವರ್ಷ ಪಿರ್ಕೆ ಇಂಥ ವರ್ತನೆಗೆ ಒಂದು ಹೊಸ ಹೆಸರು ಕೊಟ್ಟರು. ಇಂದು ಪ್ರತಿ ಮನೆಯಲ್ಲೂ ಕೇಳುವ ಆ ಹೆಸರು ‘ಅಲರ್ಜಿ’. ಧೂಳಿಗೆ ಸೀನುವಾಗ, ಕಡಲೆಕಾಯಿ ತಿಂದು ಮೈ ಕೆರೆದುಕೊಳ್ಳುವಾಗ ನಾವು ಬಳಸುವ ಪದ ಹುಟ್ಟುವುದಕ್ಕೆ ಕುದುರೆಯ ಸೀರಮ್ಮೂ ಒಂದು ಕಾರಣ.

ಈಗ ಸೀರಮ್ಮನ್ನು ಹೆಚ್ಚು ಶುದ್ಧಮಾಡುತ್ತಾರೆ. ಪ್ರತಿಕಾಯದ ಬಾಲವನ್ನು ಕಿಣ್ವದಿಂದ ಕತ್ತರಿಸಿ, ಕೆಲಸಕ್ಕೆ ಬರುವ ತುದಿಯನ್ನಷ್ಟೇ ಉಳಿಸುತ್ತಾರೆ. ತೊಂದರೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಆದ್ದರಿಂದಲೇ ಸೀರಂ ಕೊಟ್ಟ ಮೇಲೆ ರೋಗಿಯನ್ನು ಸ್ವಲ್ಪ ಹೊತ್ತು ಕೂರಿಸಿ ಗಮನಿಸುತ್ತಾರೆ. ಏಕೆ ಕಾಯಿಸುತ್ತಾರೆ ಎಂದು ದಯವಿಟ್ಟು ನರ್ಸಮ್ಮನ ಮೇಲೆ ರೇಗಬೇಡಿ.

ಬಡ್ಡಿ ಇನ್ನೂ ದುಬಾರಿಯಾದ ಕಾಲವೂ ಇತ್ತು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಜಿಮ್ ಎಂಬ ಕುದುರೆಯಿತ್ತು. ಹಿಂದೆ ಹಾಲಿನ ಗಾಡಿ ಎಳೆಯುತ್ತಿದ್ದ ಜಿಮ್ ಗಂಟಲುಮಾರಿಯ ಸೀರಂ ಕೊಡುತ್ತಿತ್ತು. 1901ರಲ್ಲಿ ಅದಕ್ಕೆ ಧನುರ್ವಾಯು ತಗುಲಿತು. ಆದರೂ ಅದರ ಸೀರಂ ಸರಿಯಾದ ಪರೀಕ್ಷೆಯಿಲ್ಲದೆ ಹೊರಗೆ ಹೋಯಿತು. 13 ಮಕ್ಕಳು ಸತ್ತರು. ತಪ್ಪು ಜಿಮ್‌ನದಲ್ಲ, ಪರೀಕ್ಷಿಸದೆ ಹಂಚಿದ ಮನುಷ್ಯರದು. ಮರುವರ್ಷವೇ ಅಮೆರಿಕ ಸೀರಂ, ಲಸಿಕೆಗಳ ತಯಾರಿಕೆಗೆ ಕಾಯ್ದೆ ತಂದಿತು. ಇಂದು ಔಷಧದ ಪ್ರತಿ ಸೀಸೆಯ ಮೇಲೂ ಬ್ಯಾಚ್ ನಂಬರ್, ಪರೀಕ್ಷೆ, ಪರವಾನಗಿ ಇರುವುದರ ಹಿಂದೆ ಇಂಥ ಮಕ್ಕಳ ಸಾವಿದೆ.

ನಮ್ಮ ಅಪ್ಪ ಅಮ್ಮಂದಿರು ಹೆದರುತ್ತಿದ್ದ ‘ಹೊಕ್ಕುಳ ಸುತ್ತ 14 ಇಂಜೆಕ್ಷನ್’ ಕೂಡ ಪ್ರಾಣಿಯಿಂದಲೇ ಬಂದದ್ದು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಆ ಲಸಿಕೆಯನ್ನು ಕುರಿಯ ಮಿದುಳಿನಲ್ಲಿ ಬೆಳೆಸುತ್ತಿದ್ದರು. ಅಪರೂಪಕ್ಕೆ ಕೆಲವರಿಗೆ ಅದರಿಂದ ಲಕ್ವ ಹೊಡೆಯುತ್ತಿತ್ತು. 2004ರ ಕೊನೆಯಲ್ಲಿ ಭಾರತ ಅದನ್ನು ನಿಲ್ಲಿಸಿತು. ಈಗ ಕೊಡುವುದು ಪ್ರಯೋಗಾಲಯದಲ್ಲಿ ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ. ಬರೀ ತೋಳಿಗೆ, ನಾಲ್ಕೈದು ಭೇಟಿ. ಹೆದರಿಕೆಯ ಆ ಹಳೆಯ ಕಥೆ ಹೇಳಿ ಮಕ್ಕಳು ನಾಯಿ ಕಚ್ಚಿದ್ದನ್ನು ಮುಚ್ಚಿಡುವಂತೆ ಮಾಡಬೇಡಿ.

ಬಡ್ಡಿಯ ಒಂದು ಪಾಲನ್ನು ಕುದುರೆಯೂ ಕಟ್ಟುತ್ತದೆ, ನೆನಪಿರಲಿ. ಪದೇ ಪದೇ ವಿಷ, ಪದೇ ಪದೇ ಸೂಜಿ. ಕೆಂಪು ಕಣಗಳನ್ನು ಮತ್ತೆ ಅದರ ಮೈಗೇ ಸೇರಿಸುವ ಪದ್ಧತಿ ಬಂದಮೇಲೆ ನಿತ್ರಾಣ ಕಡಿಮೆಯಾಗಿದೆ. ಆದರೂ ಲಾಯ ಹೇಗಿದೆ, ಮೇವು ಹೇಗಿದೆ ಎಂದು ಕೇಳುವ ಹಕ್ಕು, ಹೊಣೆ ಎರಡೂ ಸಾಲ ಪಡೆದ ನಮಗಿದೆ.

ಒಂಟೆಯ ಗುಟ್ಟು

ಈಗ ಒಂದು ಪ್ರಾಕ್ಟಿಕಲ್ ಕ್ಲಾಸಿನ ಕಥೆ, ವಿದ್ಯಾರ್ಥಿಗಳಿಗಾಗಿ. 1989ರ ಸುಮಾರಿಗೆ ಬೆಲ್ಜಿಯಂನ ಬ್ರಸೆಲ್ಸ್ ನಗರದ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ರಕ್ತದಿಂದ ಪ್ರತಿಕಾಯ ಬೇರ್ಪಡಿಸುವ ಪಾಠ. ಮನುಷ್ಯರ ರಕ್ತ ಮುಟ್ಟಲು ಏಡ್ಸ್ ಭಯ, ಇಲಿ ಕೊಲ್ಲಲು ಮನಸ್ಸಿಲ್ಲ. ಬೇರೊಂದು ಸಂಶೋಧನೆಗೆ ತಂದಿದ್ದ ಒಂಟೆಯ ಸೀರಂ ಫ್ರೀಜರಿನಲ್ಲಿ ಉಳಿದಿತ್ತು. ಅದನ್ನೇ ತೆಗೆದು ಪ್ರಯೋಗ ಮಾಡಿದರು. ಪುಸ್ತಕದಲ್ಲಿದ್ದ ಉತ್ತರ ಬರಲಿಲ್ಲ! ಮಾಮೂಲಿ ಪ್ರತಿಕಾಯಗಳ ಜೊತೆಗೆ, ಯಾರೂ ನೋಡಿರದ ಇನ್ನೊಂದು ಬಗೆಯ ಗಿಡ್ಡ ಪ್ರತಿಕಾಯಗಳು ಕಂಡವು.

ನಮ್ಮ, ಕುದುರೆಯ, ಇಲಿಯ ಪ್ರತಿಕಾಯಗಳಲ್ಲಿ ಎರಡು ಭಾರದ ಸರಪಳಿ, ಎರಡು ಹಗುರ ಸರಪಳಿ ಇರುತ್ತವೆ. ಒಂಟೆಯ ಈ ಹೊಸ ಪ್ರತಿಕಾಯಗಳಲ್ಲಿ ಹಗುರ ಸರಪಳಿಗಳೇ ಇರಲಿಲ್ಲ. “ಪ್ರಯೋಗ ತಪ್ಪಾಗಿದೆ, ಮತ್ತೆ ಮಾಡಿ” ಎಂದು ಸುಮ್ಮನಾಗಬಹುದಿತ್ತು. ರೇಮಂಡ್ ಹಾಮರ್ಸ್ ಮತ್ತು ಸಂಗಡಿಗರು ಸುಮ್ಮನಾಗದೆ ಬೆನ್ನುಹತ್ತಿ 1993ರಲ್ಲಿ ಪ್ರಕಟಿಸಿದರು. ಈ ಪ್ರತಿಕಾಯದ ತುದಿಯನ್ನಷ್ಟೇ ಕತ್ತರಿಸಿಕೊಂಡರೆ ಅದು ಮಾಮೂಲಿ ಪ್ರತಿಕಾಯದ ಹತ್ತನೇ ಒಂದು ಭಾಗದಷ್ಟು ಚಿಕ್ಕದು, ಬಿಸಿಗೂ ಬೇಗ ಕೆಡುವುದಿಲ್ಲ. ದೊಡ್ಡ ಪ್ರತಿಕಾಯ ನುಗ್ಗಲಾರದ ಸಂದಿಗೂ ಇದು ನುಗ್ಗುತ್ತದೆ. ‘ನ್ಯಾನೋಬಾಡಿ’ ಎಂಬ ಹೆಸರು ಪಡೆದ ಇದರಿಂದ ಮಾಡಿದ ಮೊದಲ ಔಷಧಕ್ಕೆ 2018ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ಅದು ರಕ್ತ ಹೆಪ್ಪುಗಟ್ಟುವ ಒಂದು ಅಪರೂಪದ ಕಾಯಿಲೆಗೆ. 2020ರಲ್ಲಿ ಕೊರೊನಾ ವೈರಾಣುವಿನ ವಿರುದ್ಧ ಇಂಥದ್ದೇ ಪ್ರತಿಕಾಯವನ್ನು ‘ವಿಂಟರ್’ ಎಂಬ ಲಾಮಾ ಪ್ರಾಣಿಯಿಂದ ಹೆಕ್ಕಿದರು. ಲಾಮಾ ಎಂದರೆ ದಕ್ಷಿಣ ಅಮೆರಿಕದಲ್ಲಿರುವ ಒಂಟೆಯ ನೆಂಟ. ನಮ್ಮ ಬಿಕಾನೇರಿನ ಒಂಟೆ ಸಂಶೋಧನಾ ಕೇಂದ್ರದಲ್ಲೂ ಗರಗಸಮಂಡಲದ ವಿಷಕ್ಕೆ ಒಂಟೆಯ ಪ್ರತಿಕಾಯ ತಯಾರಿಸುವ ಪ್ರಯೋಗಗಳು ನಡೆದಿವೆ.

ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಪಕ್ಕದವನ ಉತ್ತರ ನೋಡಿ ಬರೆಯುವ ಮುನ್ನ ಈ ಒಂಟೆಯನ್ನು ಒಮ್ಮೆ ನೆನೆಯಿರಿ.

ಸಾಲ ತೀರುವ ದಿನ

ಮಲ್ಲೇಶ್ವರದ ಆಚೆಗೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳೆಯ ಬೆಂಗಳೂರಿಗರು ಇನ್ನೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ. ಅಲ್ಲಿ ಕಾರ್ತಿಕ್ ಸುಣಗಾರ್ ಅವರ ಪ್ರಯೋಗಾಲಯ ಹಾವಿನ ವಿಷವನ್ನು ಅಭ್ಯಾಸಮಾಡುತ್ತಿದೆ. ಒಂದೇ ಜಾತಿಯ ಹಾವಾದರೂ ಊರಿಂದ ಊರಿಗೆ ವಿಷ ಬದಲಾಗುತ್ತದೆ, ಒಂದು ಸೀಮೆಯ ವಿಷದಿಂದ ಮಾಡಿದ ಸೀರಂ ಇನ್ನೊಂದು ಸೀಮೆಯಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ ಎಂದು ಅವರ ತಂಡ ತೋರಿಸಿದೆ. ಲ್ಯಾಂಬ್ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಹೇಳಿದ ಬೀಗದಕೈ ಪಾಠದ ಮುಂದಿನ ಅಧ್ಯಾಯ ಇದು.

2024ರ ಫೆಬ್ರವರಿಯಲ್ಲಿ ಅದೇ ತಂಡ, ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ ಇನ್ನೊಂದು ಸುದ್ದಿ ಪ್ರಕಟಿಸಿತು. ಕುದುರೆಯೇ ಇಲ್ಲದೆ, ಪ್ರಯೋಗಾಲಯದಲ್ಲಿ ಕೋಟ್ಯಂತರ ಮಾನವ ಪ್ರತಿಕಾಯಗಳ ರಾಶಿಯಿಂದ ಒಂದನ್ನು ಹೆಕ್ಕಿ ತೆಗೆದರು. ನಾಗರ, ಕಟ್ಟುಹಾವು, ಆಫ್ರಿಕದ ಮಾಂಬಾ ಹಾವುಗಳ ವಿಷದಲ್ಲಿರುವ ನರ ಕಟ್ಟುವ ಒಂದು ಬಗೆಯ ನಂಜನ್ನು ಅದು ಇಲಿಗಳಲ್ಲಿ ತಡೆಯಿತು. ಮಂಡಲದ ಹಾವುಗಳ ವಿಷ ಬೇರೆ ಬಗೆಯದು, ಅದಕ್ಕೆ ಬೇರೆ ಪ್ರತಿಕಾಯ ಬೇಕು. ಮನುಷ್ಯರ ಮೇಲಿನ ಪರೀಕ್ಷೆಗೆ ಇನ್ನೂ ದಾರಿಯಿದೆ. ನಾಯಿಕಡಿತಕ್ಕೆ ಮಾತ್ರ ಕುದುರೆಯಿಲ್ಲದ ಪ್ರತಿಕಾಯಗಳು ಆಗಲೇ ನಮ್ಮ ದೇಶದ ಪೇಟೆಗೆ ಬಂದಿವೆ. ಅವು ಅಗ್ಗವಾಗಿ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವ ದಿನ ಬಂದಾಗ ಕುದುರೆಗಳನ್ನು ಹುಲ್ಲುಗಾವಲಿಗೆ ಕಳಿಸಬಹುದು. ಅಲ್ಲಿಯವರೆಗೆ ನಮ್ಮ ಜೀವ ಅವುಗಳ ಕೈಯಲ್ಲೇ ಇದೆ.

ಅಪ್ಪ ಅಮ್ಮಂದಿರಿಗೆ ಕೊನೆಯದಾಗಿ ಎರಡು ಮಾತು. ನಾಯಿ ಕಚ್ಚಿದರೆ ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಸೀರಂ ಬೇಕೇ ಎಂದು ನೀವೇ ಕೇಳಿ. ಎಲ್ಲ ಲಸಿಕೆಗಳನ್ನೂ ತಪ್ಪದೆ ಮುಗಿಸಿ. ಹಾವು ಕಚ್ಚಿದರೆ ಕೊಯ್ಯುವುದು, ಚೀಪುವುದು, ಹಗ್ಗ ಬಿಗಿಯುವುದು ಬೇಡ. ಮಂತ್ರ, ನಾಟಿ ಬೇರು ಎಂದು ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ, ಸೀರಂ ಇರುವ ಆಸ್ಪತ್ರೆಗೆ ನೇರ ಹೋಗಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಎಲ್ಲಿ ಎಷ್ಟು ಸೀಸೆ ಬೇಕು ಎಂಬ ಲೆಕ್ಕ ಸಿಗುವುದು ಆಸ್ಪತ್ರೆಗೆ ಬಂದವರಿಂದ ಮಾತ್ರ.

ನಮ್ಮ ಹುಡುಗನ ಕೊನೆಯ ಲಸಿಕೆ ಮೊನ್ನೆ ಮುಗಿಯಿತು. ಗಾಯ ಒಣಗಿದೆ. ಕುದುರೆಯ ಪ್ರತಿಕಾಯಗಳು ಕರಗಿ, ಈಗ ಅವನದೇ ಸಂಪಾದನೆ ಕಾವಲು ನಿಂತಿದೆ. ಆಸ್ಪತ್ರೆಯಿಂದ ಬರುವಾಗ ಚಾಮರಾಜಪೇಟೆಯ ರಸ್ತೆಯಲ್ಲಿ ಮದುವೆ ಮೆರವಣಿಗೆಯ ಬಿಳಿ ಕುದುರೆಯೊಂದು ಸಿಂಗರಿಸಿಕೊಂಡು ನಿಂತಿತ್ತಂತೆ. ತಾತ ಆಟೋ ನಿಲ್ಲಿಸಿ, ಕೈಚೀಲದಲ್ಲಿದ್ದ ಎರಡು ಬಾಳೆಹಣ್ಣು ತೆಗೆದು ಮೊಮ್ಮಗನ ಕೈಗಿಟ್ಟು, “ಹೋಗು, ಕೊಟ್ಟು ಬಾ” ಎಂದರಂತೆ.

“ಇದು ಆ ಕುದುರೆ ಅಲ್ಲ ತಾತ” ಎಂದನಂತೆ ಹುಡುಗ.

“ಇರಲಿ, ಅವರ ಮನೆಯವರೇ ತಾನೆ” ಎಂದರಂತೆ ತಾತ.